ದೊಡ್ಡ ಸೈನ್ಯ ಸಣ್ಣ ಸೈನ್ಯಕ್ಕೆ ಸೋಲುವುದೇಕೆ? ಸಿಂಗಾಪುರದ ಪತನ (1942)

1942ರ ಫೆಬ್ರವರಿ 15ರ ಭಾನುವಾರ ಸಂಜೆ ಸಿಂಗಾಪುರದ ಬುಕಿತ್ ತಿಮಾದಲ್ಲಿದ್ದ ಫೋರ್ಡ್ ಮೋಟಾರು ಕಾರ್ಖಾನೆಯಲ್ಲಿ ಬ್ರಿಟಿಷ್ ಸೇನಾಪತಿ ಲೆಫ್ಟಿನೆಂಟ್ ಜನರಲ್ ಆರ್ಥರ್ ಪರ್ಸಿವಲ್ ಶರಣಾಗತಿ ಪತ್ರಕ್ಕೆ ಸಹಿ ಹಾಕಿದರು. ಎದುರಿಗೆ ಕುಳಿತಿದ್ದವರು ಜಪಾನಿನ 25ನೇ ಸೇನೆಯ ದಂಡನಾಯಕ ಲೆಫ್ಟಿನೆಂಟ್ ಜನರಲ್ ತೋಮೋಯುಕಿ ಯಮಾಶಿತ. ದ್ವೀಪದಲ್ಲಿ ಪರ್ಸಿವಲ್ ಕೈಕೆಳಗೆ ಸುಮಾರು 85 ಸಾವಿರ ಜನರಿದ್ದರು. ದ್ವೀಪದ ಮೇಲೆ ದಾಳಿ ಮಾಡಿದ ಜಪಾನೀಯರು ಸುಮಾರು 30ರಿಂದ 36 ಸಾವಿರ. ಬ್ರಿಟಿಷ್ ಇತಿಹಾಸದ ಅತಿದೊಡ್ಡ ಶರಣಾಗತಿ ಇದೇ ಎಂದು ಪ್ರಧಾನಿ ವಿನ್‌ಸ್ಟನ್ ಚರ್ಚಿಲ್ ಮುಂದೆ ಬರೆದರು.

ದಾಳಿ ಮಾಡುವವನಿಗೆ ಕಾಯುವವನ ಮೂರು ಪಟ್ಟು ಬಲ ಬೇಕು ಎಂಬುದು ಸೇನಾ ಶಾಸ್ತ್ರದಲ್ಲಿ ಬಹಳ ಕಾಲದಿಂದ ಬಂದ ರೂಢಿಯ ಲೆಕ್ಕ. ಸಿಂಗಾಪುರದಲ್ಲಿ ಆ ಲೆಕ್ಕ ತಲೆಕೆಳಗಾಯಿತು. ಸೋತ ಸೇನೆಯಲ್ಲಿ ಭಾರತೀಯ ಸೈನಿಕರೇ ಅತಿ ಹೆಚ್ಚು ಸಂಖ್ಯೆಯಲ್ಲಿದ್ದರು. ಮೈಸೂರು ಮತ್ತು ಹೈದರಾಬಾದ್ ಸಂಸ್ಥಾನಗಳ ಪಡೆಗಳೂ ಅಲ್ಲಿದ್ದವು. ಆದ್ದರಿಂದ ಈ ಸೋಲನ್ನು ದೂರದ ದೇಶದ ಕತೆಯೆಂದು ಬದಿಗೆ ಸರಿಸುವಂತಿಲ್ಲ.

ಯಾರ ಬಳಿ ಏನಿತ್ತು?

1941ರ ಡಿಸೆಂಬರ್‌ನಲ್ಲಿ ಯುದ್ಧ ಆರಂಭವಾದಾಗ ಮಲಯಾದಲ್ಲಿ ಬ್ರಿಟಿಷ್ ಪಕ್ಷದ ಸೈನಿಕರ ಸಂಖ್ಯೆ ಸುಮಾರು 88,600. ಇದರಲ್ಲಿ ಭಾರತೀಯರು ಸುಮಾರು 37,000, ಬ್ರಿಟಿಷರು 19,600, ಆಸ್ಟ್ರೇಲಿಯನ್ನರು 15,200. ಉಳಿದವರು ಸ್ಥಳೀಯ ಮತ್ತು ಇತರ ಏಷ್ಯಾ ಮೂಲದವರು. ಜನವರಿಯಲ್ಲಿ ಇನ್ನಷ್ಟು ಪಡೆಗಳು ಬಂದಿಳಿದವು.

ಯಮಾಶಿತ ಅವರ ಬಳಿ ಮೂರು ಡಿವಿಜನ್‌ಗಳಿದ್ದವು: 5ನೇ, 18ನೇ ಮತ್ತು ಸಾಮ್ರಾಟರ ಅಂಗರಕ್ಷಕ ಡಿವಿಜನ್. ಇನ್ನೂ ಹೆಚ್ಚು ಪಡೆ ಕೊಡಲು ಟೋಕಿಯೊ ಸಿದ್ಧವಿದ್ದರೂ ಅವರು ಮೂರೇ ಸಾಕೆಂದರು. ಒಂದೇ ಹೆದ್ದಾರಿಯ ಮೇಲೆ ಸಾಗಬೇಕಾದ ಸೇನೆಗೆ ಅದಕ್ಕಿಂತ ಹೆಚ್ಚು ಜನರಿಗೆ ಅನ್ನ, ಗುಂಡು ಪೂರೈಸುವುದು ಕಷ್ಟ ಎಂಬುದು ಅವರ ಲೆಕ್ಕ. ಮೊದಲ ಅಲೆಯಲ್ಲಿ ತೀರಕ್ಕೆ ಇಳಿದವರು ಸುಮಾರು 26 ಸಾವಿರ ಮಾತ್ರ. ಇಡೀ ಯುದ್ಧದಲ್ಲಿ ಭಾಗವಹಿಸಿದವರು 60ರಿಂದ 70 ಸಾವಿರ.

ತಲೆ ಎಣಿಕೆಯಲ್ಲಿ ಬ್ರಿಟಿಷರು ಮುಂದೆ. ಯುದ್ಧ ಸಾಮಗ್ರಿಯಲ್ಲಿ ಮಾತ್ರ ಚಿತ್ರ ಬೇರೆ.

* ಟ್ಯಾಂಕು: ಜಪಾನೀಯರ ಬಳಿ 200ಕ್ಕೂ ಹೆಚ್ಚು. ಯುದ್ಧ ಆರಂಭವಾದಾಗ ಮಲಯಾದ ಬ್ರಿಟಿಷ್ ಸೇನೆಯಲ್ಲಿ ಒಂದೂ ಇರಲಿಲ್ಲ.
* ವಿಮಾನ: ಮಲಯಾ ರಕ್ಷಣೆಗೆ 336 ವಿಮಾನ ಬೇಕೆಂದು ಲಂಡನ್ನಿನ ಸೇನಾ ಮುಖ್ಯಸ್ಥರೇ ಅಂದಾಜು ಮಾಡಿದ್ದರು. ಇದ್ದದ್ದು 158. ಅವುಗಳಲ್ಲಿ ಹಲವು ಹಳೆಯವು. ಜಪಾನೀಯರು ಈ ರಂಗಕ್ಕೆ ತಂದಿದ್ದು 500ಕ್ಕೂ ಹೆಚ್ಚು.
* ನೌಕೆ: ಬ್ರಿಟಿಷರ ಎರಡು ದೊಡ್ಡ ಯುದ್ಧನೌಕೆಗಳು ಸಿಂಗಾಪುರಕ್ಕೆ ಬಂದಿದ್ದವು. ಅವುಗಳ ಜತೆಗೆ ಬರಬೇಕಿದ್ದ ವಿಮಾನವಾಹಕ ನೌಕೆ ಕೆರಿಬಿಯನ್ ಕಡಲಿನಲ್ಲಿ ನೆಲಕ್ಕೆ ತಗುಲಿ ದುರಸ್ತಿಗೆ ಹೋಗಿತ್ತು.

70 ದಿನಗಳ ಘಟನಾವಳಿ

* 1941 ಡಿಸೆಂಬರ್ 8: ನಡುರಾತ್ರಿ ಕಳೆದ ಸ್ವಲ್ಪ ಹೊತ್ತಿಗೆ ಮಲಯಾದ ಈಶಾನ್ಯ ತೀರದ ಕೋಟಾ ಭಾರುವಿನಲ್ಲಿ ಜಪಾನೀಯರು ಇಳಿದರು. ಪರ್ಲ್ ಹಾರ್ಬರ್ ಮೇಲಿನ ದಾಳಿಗಿಂತ ಇದು ಒಂದು ತಾಸಿಗೂ ಹೆಚ್ಚು ಮೊದಲು. ಮುಖ್ಯ ಪಡೆ ಥಾಯ್ಲೆಂಡಿನ ಸಿಂಗೋರಾ ಮತ್ತು ಪಟಾನಿಯಲ್ಲಿ ಇಳಿಯಿತು.
* ಡಿಸೆಂಬರ್ 10: ‘ಪ್ರಿನ್ಸ್ ಆಫ್ ವೇಲ್ಸ್’, ‘ರಿಪಲ್ಸ್’ ಯುದ್ಧನೌಕೆಗಳು ಜಪಾನಿ ವಿಮಾನಗಳ ದಾಳಿಗೆ ಮುಳುಗಿದವು. 840 ಮಂದಿ ಸತ್ತರು.
* ಡಿಸೆಂಬರ್ 11–13: ಜಿತ್ರಾ ರಕ್ಷಣಾ ಸಾಲು ಮುರಿಯಿತು.
* ಡಿಸೆಂಬರ್ 16–17: ಬ್ರಿಟಿಷರು ಪೆನಾಂಗ್ ದ್ವೀಪ ಬಿಟ್ಟರು.
* ಡಿಸೆಂಬರ್ 30–ಜನವರಿ 2: ಕಂಪಾರ್ ಕದನ.
* 1942 ಜನವರಿ 7: ಸ್ಲಿಮ್ ನದಿಯ ಬಳಿ ಎರಡು ಭಾರತೀಯ ಬ್ರಿಗೇಡ್‌ಗಳು ನುಚ್ಚುನೂರಾದವು.
* ಜನವರಿ 11: ಕೌಲಾಲಂಪುರ ಪತನ.
* ಜನವರಿ 15–23: ಮುವಾರ್ ಕದನ.
* ಜನವರಿ 31: ಬ್ರಿಟಿಷ್ ಸೇನೆ ಜೊಹೋರ್ ಕಾಲುವೆ ದಾಟಿ ಸಿಂಗಾಪುರ ದ್ವೀಪ ಸೇರಿತು. ಜಪಾನೀಯರು 55 ದಿನಗಳಲ್ಲಿ ಸುಮಾರು 1,100 ಕಿಲೋಮೀಟರ್ ಬಂದಿದ್ದರು.
* ಫೆಬ್ರವರಿ 8: ದ್ವೀಪದ ಮೇಲೆ ದಾಳಿ.
* ಫೆಬ್ರವರಿ 15: ಶರಣಾಗತಿ.

ಕಾರಣ 1: ಎಲ್ಲ ಕಡೆ ಕಾಯಲು ಹೋದದ್ದು

ಕಾಯುವವನಿಗೆ ಶತ್ರು ಎಲ್ಲಿ ಬರುತ್ತಾನೆ ಎಂಬುದು ಗೊತ್ತಿರುವುದಿಲ್ಲ. ಬರುವವನಿಗೆ ಅದು ಗೊತ್ತಿರುತ್ತದೆ. ದೊಡ್ಡ ಸೇನೆಯ ದೊಡ್ಡತನ ಕರಗುವುದು ಇಲ್ಲಿಯೇ.

ಪರ್ಸಿವಲ್ ಅವರ ಪಡೆಗಳು ಪರ್ಯಾಯ ದ್ವೀಪದ ಉದ್ದಕ್ಕೂ ಹರಡಿದ್ದವು. 11ನೇ ಭಾರತೀಯ ಡಿವಿಜನ್ ವಾಯವ್ಯದಲ್ಲಿ, 9ನೇ ಭಾರತೀಯ ಡಿವಿಜನ್ ಪೂರ್ವ ತೀರದ ಕೋಟಾ ಭಾರು ಮತ್ತು ಕುವಾಂತನ್‌ನಲ್ಲಿ, ಆಸ್ಟ್ರೇಲಿಯನ್ನರು ದಕ್ಷಿಣದ ಜೊಹೋರ್‌ನಲ್ಲಿ, ಇನ್ನೊಂದಷ್ಟು ಜನ ಸಿಂಗಾಪುರ ಕೋಟೆಯಲ್ಲಿ. ಒಬ್ಬರಿಗೆ ಪೆಟ್ಟು ಬಿದ್ದಾಗ ಇನ್ನೊಬ್ಬರು ನೂರಾರು ಕಿಲೋಮೀಟರ್ ದೂರ.

ಹೀಗೆ ಹರಡುವುದಕ್ಕೆ ವಿಮಾನ ನಿಲ್ದಾಣಗಳೇ ದೊಡ್ಡ ಕಾರಣ. ಮಲಯಾವನ್ನು ವಿಮಾನ ಬಲದಿಂದ ಕಾಯಬೇಕೆಂದು ಮೊದಲು ನಿರ್ಧಾರವಾಗಿತ್ತು. ಅದರಂತೆ ವಾಯುಪಡೆಯವರು ಉತ್ತರದಲ್ಲಿ, ಪೂರ್ವ ತೀರದಲ್ಲಿ ನಿಲ್ದಾಣಗಳನ್ನು ಕಟ್ಟಿದರು. ನೆಲದ ಮೇಲಿನಿಂದ ಅವನ್ನು ಕಾಯುವುದು ಹೇಗೆಂದು ಭೂಸೇನೆಯನ್ನು ಸರಿಯಾಗಿ ಕೇಳಲಿಲ್ಲ. ಬೇಕಾದಷ್ಟು ವಿಮಾನ ಬರಲೇ ಇಲ್ಲ. ಕೊನೆಗೆ ಸೇನೆಯನ್ನು ಕಾಯಬೇಕಿದ್ದ ನಿಲ್ದಾಣಗಳನ್ನು ಸೇನೆಯೇ ಕಾಯಬೇಕಾಯಿತು. ಅವಸರದಲ್ಲಿ ಬಿಟ್ಟು ಬಂದ ನಿಲ್ದಾಣಗಳಲ್ಲಿ ಓಡುದಾರಿ, ಪೆಟ್ರೋಲು, ಬಾಂಬು ಹಾಗೆಯೇ ಉಳಿದವು. ಅವನ್ನು ಜಪಾನೀಯರು ಕೆಲವೇ ದಿನಗಳಲ್ಲಿ ಬಳಸತೊಡಗಿದರು.

ಕಾರಣ 2: ಮುನ್ನುಗ್ಗುವುದೋ, ಕಾಯುವುದೋ?

ಜಪಾನೀಯರು ಥಾಯ್ಲೆಂಡಿನಲ್ಲಿ ಇಳಿಯುವ ಮೊದಲೇ ಅಲ್ಲಿಗೆ ನುಗ್ಗಿ ಸಿಂಗೋರಾವನ್ನು ಹಿಡಿಯುವ ಯೋಜನೆಯೊಂದು ಬ್ರಿಟಿಷರಲ್ಲಿತ್ತು. ಅದರ ಹೆಸರು ‘ಮ್ಯಾಟಡೋರ್’. ಆದರೆ ತಟಸ್ಥ ದೇಶದೊಳಗೆ ಮೊದಲು ಕಾಲಿಟ್ಟವರು ತಾವಾಗಬಾರದು ಎಂಬ ಅಳುಕೂ ಇತ್ತು. ಡಿಸೆಂಬರ್ 6ರಂದು ಜಪಾನಿ ಹಡಗುಗಳು ಕಣ್ಣಿಗೆ ಬಿದ್ದವು. ದೂರ ಪ್ರಾಚ್ಯದ ಮುಖ್ಯ ದಂಡನಾಯಕ ಬ್ರೂಕ್ ಪಾಪ್‌ಹ್ಯಾಮ್ ಆಜ್ಞೆ ಕೊಡಲು ಹಿಂದೆಮುಂದೆ ನೋಡಿದರು. ಎರಡು ದಿನ ಕಳೆಯುವಷ್ಟರಲ್ಲಿ ಜಪಾನೀಯರು ಇಳಿದೇ ಬಿಟ್ಟರು.

11ನೇ ಡಿವಿಜನ್ ಆ ಎರಡು ದಿನ ಮಳೆಯಲ್ಲಿ ಹೊರಡಲು ಸಿದ್ಧವಾಗಿ ನಿಂತಿತ್ತು. ಯೋಜನೆ ರದ್ದಾದ ಮೇಲೆ ಜಿತ್ರಾದಲ್ಲಿ ಕಂದಕ ತೋಡಲು ಹೊರಟಿತು. ಕಂದಕಗಳಲ್ಲಿ ನೀರು ನಿಂತಿತ್ತು, ಮುಳ್ಳುತಂತಿ ಮತ್ತು ನೆಲಬಾಂಬಿನ ಕೆಲಸ ಅರ್ಧಕ್ಕೆ ನಿಂತಿತ್ತು. ಸುಮಾರು 500 ಜನರ ಜಪಾನಿ ಮುಂಚೂಣಿ ತಂಡ ಕೆಲವು ಟ್ಯಾಂಕುಗಳೊಂದಿಗೆ ಹೆದ್ದಾರಿಯ ಮೇಲೆ ನೇರವಾಗಿ ನುಗ್ಗಿತು. ತಿಂಗಳುಗಟ್ಟಲೆ ನಿಲ್ಲಬೇಕಿದ್ದ ಸಾಲು ಎರಡು ದಿನವೂ ನಿಲ್ಲಲಿಲ್ಲ. ಅಲ್ಲಿ ಬಿಟ್ಟುಹೋದ ಲಾರಿ, ಆಹಾರ, ಮದ್ದುಗುಂಡುಗಳಿಗೆ ಜಪಾನಿ ಸೈನಿಕರು ‘ಚರ್ಚಿಲ್ ಕೊಟ್ಟ ಸರಂಜಾಮು’ ಎಂದು ಹೆಸರಿಟ್ಟರು.

ಕಾರಣ 3: ಬಾನೂ ಕಡಲೂ ಕೈತಪ್ಪಿದ್ದು

ಮೊದಲ ಮೂರು ದಿನಗಳಲ್ಲಿಯೇ ಉತ್ತರ ಮಲಯಾದ ಬ್ರಿಟಿಷ್ ವಿಮಾನ ಬಲ ಬಹುತೇಕ ನಾಶವಾಯಿತು. ಎರಡು ಯುದ್ಧನೌಕೆಗಳು ಮುಳುಗಿದ ಮೇಲೆ ಕಡಲಿನ ಮೇಲೆ ತಡೆಯುವವರೇ ಇಲ್ಲವಾದರು. ಪರಿಣಾಮವನ್ನು ನೆಲದ ಮೇಲಿನ ಸೈನಿಕರು ಉಂಡರು. ಹಗಲಿನಲ್ಲಿ ರಸ್ತೆಯ ಮೇಲೆ ಲಾರಿ ಸಾಗುವುದು ಅಪಾಯ. ಶತ್ರು ಎಲ್ಲಿದ್ದಾನೆಂದು ಮೇಲಿನಿಂದ ನೋಡಿ ಹೇಳುವವರಿಲ್ಲ.

ಪೆನಾಂಗ್ ಬಿಡುವಾಗ ಅಲ್ಲಿನ ದೋಣಿಗಳನ್ನು, ರೇಡಿಯೊ ಕೇಂದ್ರವನ್ನು ನಾಶ ಮಾಡಲಿಲ್ಲ. ಅದೇ ದೋಣಿಗಳಲ್ಲಿ ಜಪಾನೀಯರು ಪಶ್ಚಿಮ ತೀರದ ಗುಂಟ ಬಂದು ಬ್ರಿಟಿಷರ ಬೆನ್ನ ಹಿಂದೆ ಇಳಿಯತೊಡಗಿದರು. ಯುರೋಪಿಯನ್ನರನ್ನು ಮಾತ್ರ ಸಾಗಿಸಿ ಸ್ಥಳೀಯರನ್ನು ಬಿಟ್ಟುಹೋದ ಸುದ್ದಿ ಇಡೀ ಮಲಯಾದಲ್ಲಿ ಹರಡಿತು. ಸರ್ಕಾರದ ಮೇಲೆ ಜನರಿಗಿದ್ದ ನಂಬಿಕೆ ಅಲ್ಲಿಗೆ ಮುರಿಯಿತು.

ಕಾರಣ 4: ರಸ್ತೆ, ಸೈಕಲ್ಲು ಮತ್ತು ಬೆನ್ನ ಹಿಂದಿನ ತಡೆ

ಜಪಾನೀಯರ ದಾಳಿಯ ರೀತಿ ಸರಳವಾಗಿತ್ತು. ಮುಂದಿನಿಂದ ಒಂದು ತಂಡ ಗುಂಡು ಹಾರಿಸುತ್ತಾ ಶತ್ರುವನ್ನು ಹಿಡಿದಿಡುತ್ತದೆ. ಇನ್ನೊಂದು ತಂಡ ರಬ್ಬರು ತೋಟದ ಒಳಗಿನಿಂದಲೋ ಕಾಡಿನ ಅಂಚಿನಿಂದಲೋ ಸುತ್ತು ಬಳಸಿ ಹಿಂದಿನ ರಸ್ತೆಗೆ ಅಡ್ಡ ಹಾಕುತ್ತದೆ. ಬ್ರಿಟಿಷ್ ಪಡೆಗಳು ಲಾರಿಗಳನ್ನೇ ನಂಬಿದ್ದವು. ಅವುಗಳ ಊಟ, ಗುಂಡು, ಗಾಯಾಳುಗಳ ಸಾಗಣೆ ಎಲ್ಲವೂ ಒಂದೇ ಡಾಂಬರು ರಸ್ತೆಯ ಮೇಲೆ ನಿಂತಿತ್ತು. ಹಿಂದಿನ ರಸ್ತೆ ಮುಚ್ಚಿತೆಂದರೆ ಸಾವಿರ ಜನರ ದಂಡಿಗೆ ನೂರು ಜನರ ತಡೆಯೇ ಸಾಕಾಗುತ್ತಿತ್ತು.

ಪ್ರತಿ ಜಪಾನಿ ಡಿವಿಜನ್‌ಗೆ ಸುಮಾರು 6 ಸಾವಿರ ಸೈಕಲ್ಲುಗಳನ್ನು ಕೊಡಲಾಗಿತ್ತು. ಯುದ್ಧಕ್ಕೆ ಮೊದಲು ಮಲಯಾಕ್ಕೆ ಜಪಾನಿನಿಂದ ಸೈಕಲ್ಲುಗಳು ಆಮದಾಗುತ್ತಿದ್ದುದರಿಂದ ಬಿಡಿಭಾಗಗಳು ಊರೂರಲ್ಲಿ ಸಿಗುತ್ತಿದ್ದವು. ಸೇತುವೆ ಒಡೆದಿದ್ದರೆ ಸೈಕಲ್ಲನ್ನು ಹೆಗಲಿಗೇರಿಸಿ ನದಿ ದಾಟುತ್ತಿದ್ದರು. ಬಿಸಿಲಿಗೆ ಟಯರು ಒಡೆದಾಗ ಬರೀ ರಿಮ್ಮಿನ ಮೇಲೆಯೇ ಓಡಿಸಿದರು. ರಾತ್ರಿಯಲ್ಲಿ ಆ ಕರ್ಕಶ ಸದ್ದನ್ನು ಕೇಳಿ ಟ್ಯಾಂಕುಗಳು ಬಂದವೆಂದು ಎದುರಾಳಿಗಳು ಬೆಚ್ಚಿದ್ದೂ ಉಂಟು. ಹಿಂದೆಯೇ ಬರುತ್ತಿದ್ದ ಎಂಜಿನಿಯರುಗಳು ಒಟ್ಟು 250ರಷ್ಟು ಸೇತುವೆಗಳನ್ನು ದುರಸ್ತಿ ಮಾಡಿದರು. ಬ್ರಿಟಿಷರು ಉಸಿರು ತೆಗೆದುಕೊಳ್ಳುವ ಮೊದಲೇ ಮುಂದಿನ ಪೆಟ್ಟು ಬೀಳುತ್ತಿದ್ದುದರ ಗುಟ್ಟು ಇದು.

ಟ್ಯಾಂಕಿನ ಪೆಟ್ಟು ಎಷ್ಟು ಭಾರಿಯಾಗಿತ್ತೆಂಬುದಕ್ಕೆ ಸ್ಲಿಮ್ ನದಿಯೇ ಸಾಕ್ಷಿ. ಜನವರಿ 7ರ ಬೆಳಗಿನ ಜಾವ ಸುಮಾರು 30 ಟ್ಯಾಂಕುಗಳು ಹೆದ್ದಾರಿಯ ಮೇಲೆ ಸಾಲಾಗಿ ನುಗ್ಗಿದವು. ಟ್ಯಾಂಕು ನಿರೋಧಕ ತೋಪುಗಳನ್ನು ಸರಿಯಾದ ಜಾಗದಲ್ಲಿ ಇಟ್ಟಿರಲಿಲ್ಲ. ಫೋನು ಸಂಪರ್ಕ ಕಡಿದುಹೋಗಿ ಹಿಂದಿದ್ದವರಿಗೆ ಸುದ್ದಿ ಮುಟ್ಟಲಿಲ್ಲ. ಸ್ಫೋಟಕ ಕಟ್ಟಿಟ್ಟಿದ್ದ ಮುಖ್ಯ ಸೇತುವೆಯನ್ನು ಒಡೆಯುವ ಮೊದಲೇ ಟ್ಯಾಂಕುಗಳು ಅದನ್ನು ಹಿಡಿದವು. ಕೆಲವೇ ತಾಸುಗಳಲ್ಲಿ ಅವು ಸುಮಾರು 30 ಕಿಲೋಮೀಟರ್ ಒಳಹೊಕ್ಕಿದ್ದವು. ಹಿಂದಿನ ಸಾಲಿನ ಬೆಟಾಲಿಯನ್‌ಗಳು ರಸ್ತೆಯ ಮೇಲೆ ನಡೆದು ಬರುತ್ತಿದ್ದಾಗಲೇ ಟ್ಯಾಂಕುಗಳ ಬಾಯಿಗೆ ಸಿಕ್ಕವು.

ಕಾರಣ 5: ಹೆಸರಿಗೆ ಬೆಟಾಲಿಯನ್, ಒಳಗೆ ಹೊಸಬರು

1939ರಲ್ಲಿ ಸುಮಾರು 2 ಲಕ್ಷವಿದ್ದ ಭಾರತೀಯ ಸೇನೆ ಯುದ್ಧ ಮುಗಿಯುವ ಹೊತ್ತಿಗೆ 20 ಲಕ್ಷ ದಾಟಿತು. ಹೊಸ ಬೆಟಾಲಿಯನ್ ಕಟ್ಟಲು ಹಳೆಯ ಬೆಟಾಲಿಯನ್‌ನಿಂದ ಅನುಭವಿ ಅಧಿಕಾರಿಗಳನ್ನು, ಹವಾಲ್ದಾರ್ ನಾಯಕರನ್ನು ತೆಗೆದುಕೊಳ್ಳುತ್ತಿದ್ದರು. ಹಾಲಿನಿಂದ ಕೆನೆ ತೆಗೆದಂತೆ ಪದೇ ಪದೇ ತೆಗೆದ ಮೇಲೆ ಉಳಿದದ್ದು ಹದಿಹರೆಯದ ರಂಗರೂಟುಗಳು ಮತ್ತು ಅವರ ಭಾಷೆ ಬಾರದ ಹೊಸ ಬ್ರಿಟಿಷ್ ಅಧಿಕಾರಿಗಳು. ಎಷ್ಟೋ ಸೈನಿಕರು ಟ್ಯಾಂಕನ್ನು ಮೊದಲ ಬಾರಿ ಕಂಡದ್ದು ಅದು ತಮ್ಮ ಮೇಲೆ ಬಂದಾಗಲೇ.

ಮುವಾರ್ ನದಿಯ ಬಳಿ ಇದರ ಬೆಲೆ ತೆರಬೇಕಾಯಿತು. 45ನೇ ಭಾರತೀಯ ಬ್ರಿಗೇಡ್‌ನ ಹುಡುಗರು ಮರುಭೂಮಿ ಯುದ್ಧಕ್ಕೆಂದು ಅರೆಬರೆ ತರಬೇತಿ ಪಡೆದವರು. ಸುಮಾರು 40 ಕಿಲೋಮೀಟರ್ ಉದ್ದದ ನದಿದಡವನ್ನು ಅವರಿಗೆ ಒಪ್ಪಿಸಲಾಗಿತ್ತು. ಎದುರಿಗೆ ಬಂದದ್ದು ಜಪಾನಿನ ಅಂಗರಕ್ಷಕ ಡಿವಿಜನ್. ಬ್ರಿಗೇಡ್ ನಾಶವಾಯಿತು, ಅದರ ಬ್ರಿಗೇಡಿಯರ್ ಸತ್ತರು. ನೆರವಿಗೆ ಹೋದ ಆಸ್ಟ್ರೇಲಿಯನ್ನರೂ ಸೇರಿ 4 ಸಾವಿರಕ್ಕೂ ಹೆಚ್ಚು ಜನರಲ್ಲಿ ತಮ್ಮವರನ್ನು ಮತ್ತೆ ಸೇರಿಕೊಂಡವರು ಸಾವಿರದ ಒಳಗೆ. ಪರಿತ್ ಸುಲೋಂಗ್‌ನಲ್ಲಿ ಹಿಂದೆ ಬಿಡಬೇಕಾಗಿ ಬಂದ ಸುಮಾರು 150 ಗಾಯಾಳುಗಳನ್ನು ಜಪಾನೀಯರು ಕೊಂದರು.

ತರಬೇತಿ ಇದ್ದಲ್ಲಿ ಫಲಿತಾಂಶ ಬೇರೆಯಾಗಿತ್ತು. ಕೋಟಾ ಭಾರುವಿನ ತೀರದಲ್ಲಿ ಡೋಗ್ರಾ ಸೈನಿಕರು ದಾಳಿಕಾರರಿಗೆ ಭಾರಿ ನಷ್ಟ ಉಂಟುಮಾಡಿದರು. ಕಂಪಾರ್‌ನ ಗುಡ್ಡಗಳಲ್ಲಿ ಬ್ರಿಟಿಷ್ ಮತ್ತು ಪಂಜಾಬಿ ಸೈನಿಕರು ನಾಲ್ಕು ದಿನ ಅಲುಗಾಡದೆ ನಿಂತರು. ಜಪಾನೀಯರು ಕಡಲ ದಾರಿಯಿಂದ ಹಿಂದೆ ಬಂದಿಳಿದ ಕಾರಣ ಅವರು ಆ ಜಾಗ ಬಿಡಬೇಕಾಯಿತು. ಜನವರಿ 14ರಂದು ಗೆಮಾಸ್ ಸಮೀಪದ ಸೇತುವೆಯಲ್ಲಿ ಆಸ್ಟ್ರೇಲಿಯನ್ನರು ಸೈಕಲ್ ದಳವೊಂದನ್ನು ಹೊಂಚುಹಾಕಿ ಹೊಡೆದರು. ಹೀಗಾಗಿ ಸೋಲನ್ನು ಸೈನಿಕರ ಪುಕ್ಕಲುತನದ ತಲೆಗೆ ಕಟ್ಟುವುದು ನ್ಯಾಯವಲ್ಲ.

ಕಾರಣ 6: ಹಿಂದೆ ಸರಿಯುವ ರೂಢಿ

ಒಂದು ಸಾಲು ಮುರಿದರೆ ಇನ್ನೊಂದು ಸಾಲು. ಅದೂ ಮುರಿದರೆ ಮತ್ತೊಂದು. ರಾತ್ರಿಯೆಲ್ಲ ನಡೆದು ಹಗಲೆಲ್ಲ ಅಗೆದು, ಮತ್ತೆ ರಾತ್ರಿ ನಡೆದ ಸೈನಿಕರು ವಾರಗಟ್ಟಲೆ ನಿದ್ದೆ ಕಾಣಲಿಲ್ಲ. 11ನೇ ಡಿವಿಜನ್ ಒಂದೇ ತಿಂಗಳಿನಲ್ಲಿ ಮೂವರು ದಂಡನಾಯಕರನ್ನು ಕಂಡಿತು.

ಹಿಂದೆ ಸಿದ್ಧವಾದ ಕೋಟೆಸಾಲು ಇದ್ದಿದ್ದರೆ ಹಿಂದೆ ಸರಿಯುವುದಕ್ಕೂ ಅರ್ಥವಿರುತ್ತಿತ್ತು. ಅದೇ ಇರಲಿಲ್ಲ. ಜೊಹೋರ್‌ನಲ್ಲಿ ಮತ್ತು ದ್ವೀಪದ ಉತ್ತರ ದಡದಲ್ಲಿ ರಕ್ಷಣೆ ಕಟ್ಟಬೇಕೆಂದು ಮುಖ್ಯ ಎಂಜಿನಿಯರ್ ಬ್ರಿಗೇಡಿಯರ್ ಐವನ್ ಸಿಮ್ಸನ್ ಡಿಸೆಂಬರ್ ಕೊನೆಯಲ್ಲಿ ಪರ್ಸಿವಲ್ ಅವರನ್ನು ಒತ್ತಾಯಿಸಿದರು. ಅಂಥ ಕಟ್ಟಡಗಳಿಂದ ಸೈನಿಕರ ಮತ್ತು ಜನರ ಸ್ಥೈರ್ಯ ಕುಗ್ಗುತ್ತದೆ ಎಂಬ ಉತ್ತರ ಬಂತು. ಕೆಲಸ ಕೊನೆಗೆ ಆರಂಭವಾದದ್ದು ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದಂತೆ ಆಯಿತು. ವಿಪರ್ಯಾಸವೆಂದರೆ, 1937ರ ಸುಮಾರಿಗೆ ಮಲಯಾದಲ್ಲಿ ಸಿಬ್ಬಂದಿ ಅಧಿಕಾರಿಯಾಗಿದ್ದಾಗ ಶತ್ರು ಉತ್ತರದಿಂದ ಬರಬಹುದೆಂದು ಗುರುತಿಸಿದ್ದವರಲ್ಲಿ ಪರ್ಸಿವಲ್ ಅವರೇ ಒಬ್ಬರು.

ಜಗತ್ತಿನ ರಬ್ಬರಿನ ಮೂರನೇ ಒಂದು ಭಾಗಕ್ಕೂ ಹೆಚ್ಚು, ತವರದ ಅರ್ಧಕ್ಕೂ ಹೆಚ್ಚು ಮಲಯಾದಿಂದ ಬರುತ್ತಿತ್ತು. ಯುದ್ಧದ ಖರ್ಚಿಗೆ ಡಾಲರು ತರುವ ಆ ಉತ್ಪಾದನೆ ನಿಲ್ಲಬಾರದೆಂಬ ಆಜ್ಞೆಯಿಂದಾಗಿ ರಕ್ಷಣಾ ಕೆಲಸಕ್ಕೆ ಕೂಲಿಯಾಳುಗಳೇ ಸಿಗಲಿಲ್ಲ. ಜಪಾನನ್ನು ಎದುರಿಸಲು ಸಿದ್ಧರಿದ್ದ ಸ್ಥಳೀಯ ಚೀನೀಯರಿಗೆ ಬಂದೂಕು ಕೊಟ್ಟು ದಳ ಕಟ್ಟಿದ್ದೂ ಯುದ್ಧ ಶುರುವಾದ ಮೇಲೆಯೇ.

ಕೊನೆಯ ವಾರ: 85 ಸಾವಿರದಲ್ಲಿ 3 ಸಾವಿರ

ದ್ವೀಪದ ಸುತ್ತಳತೆ ಸುಮಾರು 110 ಕಿಲೋಮೀಟರ್. ಪರ್ಸಿವಲ್ ತಮ್ಮ ಪಡೆಯನ್ನು ದಡದುದ್ದಕ್ಕೂ ಹರಡಿದರು. ದಾಳಿ ಈಶಾನ್ಯದಿಂದ ಬರಬಹುದೆಂದು ಎಣಿಸಿ, ಹೊಸದಾಗಿ ಬಂದಿದ್ದ ಬ್ರಿಟಿಷ್ 18ನೇ ಡಿವಿಜನ್ನನ್ನು ಅಲ್ಲಿ ಇಟ್ಟರು. ಜಪಾನೀಯರು ಫೆಬ್ರವರಿ 7ರಂದು ಈಶಾನ್ಯದ ಪುಲಾವ್ ಉಬಿನ್ ದ್ವೀಪಕ್ಕೆ ಇಳಿದು ಆ ಎಣಿಕೆಯೇ ನಿಜವೆಂಬ ಭ್ರಮೆ ಹುಟ್ಟಿಸಿದರು.

ನಿಜವಾದ ದಾಳಿ ಮರುದಿನ ರಾತ್ರಿ ವಾಯವ್ಯದಲ್ಲಿ ನಡೆಯಿತು. ಅಲ್ಲಿ ಸುಮಾರು 16 ಕಿಲೋಮೀಟರ್ ಉದ್ದದ ಮ್ಯಾಂಗ್ರೋವ್ ಕೆಸರಿನ ದಡವನ್ನು ಕಾಯುತ್ತಿದ್ದದ್ದು ಆಸ್ಟ್ರೇಲಿಯದ 22ನೇ ಬ್ರಿಗೇಡ್, ಅಂದರೆ ಸುಮಾರು 3 ಸಾವಿರ ಜನ. ಆ ಒಂದು ರಾತ್ರಿ ಅವರ ಮುಂದೆ ಇಳಿದ ಜಪಾನೀಯರು ಸುಮಾರು 13 ಸಾವಿರ. ಬೆಳಕು ಹರಿದ ಮೇಲೆ ಇನ್ನೂ 10 ಸಾವಿರ. ಇಡೀ ದ್ವೀಪದ ಲೆಕ್ಕದಲ್ಲಿ ಬ್ರಿಟಿಷರು ಎರಡು ಪಟ್ಟಿಗೂ ಹೆಚ್ಚಿದ್ದರು. ಕದನ ನಡೆದ ಜಾಗದ ಲೆಕ್ಕದಲ್ಲಿ ಜಪಾನೀಯರು ನಾಲ್ಕು ಪಟ್ಟಿದ್ದರು. ದೊಡ್ಡ ಸೇನೆ ಸೋಲುವ ಲೆಕ್ಕಾಚಾರ ಬಹುಪಾಲು ಈ ಎರಡು ಸಾಲಿನಲ್ಲಿಯೇ ಇದೆ. ‘ಮೂರು ಪಟ್ಟು’ ನಿಯಮ ಇಲ್ಲಿ ಮುರಿಯಲಿಲ್ಲ. ಅದನ್ನು ಎಲ್ಲಿ ಅನ್ವಯಿಸಬೇಕೋ ಅಲ್ಲಿ ಯಮಾಶಿತ ಅನ್ವಯಿಸಿದರು.

ಶೆಲ್ ದಾಳಿಯಿಂದ ಫೋನು ತಂತಿಗಳು ಕಡಿದುಹೋಗಿದ್ದವು. ಶೋಧಕ ದೀಪಗಳು ಉರಿಯಲಿಲ್ಲ. ತೋಪುಗಳಿಗೆ ಸುದ್ದಿ ಮುಟ್ಟುವಷ್ಟರಲ್ಲಿ ಹೊತ್ತು ಮೀರಿತ್ತು. ಅಗತ್ಯ ಬಿದ್ದರೆ ಮಾತ್ರ ಹಿಂದೆ ಸರಿಯಿರಿ ಎಂಬ ಮುಂಜಾಗ್ರತೆಯ ಟಿಪ್ಪಣಿಯನ್ನು ಬ್ರಿಗೇಡಿಯರ್ ಒಬ್ಬರು ಈಗಲೇ ಸರಿಯುವ ಆಜ್ಞೆಯೆಂದು ತಿಳಿದರು. ಹಾಗಾಗಿ ಕ್ರಾಂಜಿ–ಜುರೋಂಗ್ ಸಾಲು ಸರಿಯಾದ ಹೋರಾಟವಿಲ್ಲದೆ ಕೈಬಿಟ್ಟಿತು. ಫೆಬ್ರವರಿ 11ರ ಹೊತ್ತಿಗೆ ಆಹಾರ, ಪೆಟ್ರೋಲು ದಾಸ್ತಾನಿದ್ದ ಬುಕಿತ್ ತಿಮಾ ಜಪಾನೀಯರ ವಶವಾಯಿತು. ನಿರಾಶ್ರಿತರಿಂದ ಸುಮಾರು 10 ಲಕ್ಷಕ್ಕೆ ಉಬ್ಬಿದ್ದ ನಗರದಲ್ಲಿ ನೀರಿನ ಕೊಳವೆಗಳು ಒಡೆದು ಹರಿದವು.

ಫೆಬ್ರವರಿ 15ರ ಬೆಳಿಗ್ಗೆ ಪರ್ಸಿವಲ್ ಮುಂದೆ ಎರಡೇ ದಾರಿಗಳಿದ್ದವು: ಬುಕಿತ್ ತಿಮಾದ ಮೇಲೆ ಮರುದಾಳಿ, ಇಲ್ಲವೇ ಶರಣಾಗತಿ. ಮರುದಾಳಿ ಸಾಧ್ಯವಿಲ್ಲವೆಂದು ಅವರ ಅಧಿಕಾರಿಗಳು ಹೇಳಿದರು. ಜಪಾನೀಯರ ಬಳಿ ಮದ್ದುಗುಂಡು ತಳ ಕಂಡಿತ್ತೆಂಬುದು ಅವರಿಗೆ ತಿಳಿದಿರಲಿಲ್ಲ. ತಮ್ಮ ದಾಳಿ ಬರೀ ಬೆದರಿಕೆಯ ಆಟವಾಗಿತ್ತು, ಬೀದಿಬೀದಿಯಲ್ಲಿ ಹೋರಾಡಬೇಕಾಗಿ ಬಂದಿದ್ದರೆ ಸೋಲುತ್ತಿದ್ದೆ ಎಂಬ ಅರ್ಥದಲ್ಲಿ ಯಮಾಶಿತ ಮುಂದೆ ಹೇಳಿಕೊಂಡರು. ಆದರೆ ಅಂಥ ಹೋರಾಟದಲ್ಲಿ ನಗರದ ಜನ ಎಷ್ಟು ಸಾಯುತ್ತಿದ್ದರು ಎಂಬ ಪ್ರಶ್ನೆಯೂ ಆ ದಿನ ಪರ್ಸಿವಲ್ ಮುಂದಿತ್ತು.

ಎರಡು ತಪ್ಪು ಕಲ್ಪನೆಗಳು

‘ಸಿಂಗಾಪುರದ ತೋಪುಗಳು ಕಡಲಿನ ಕಡೆಗೇ ಮುಖ ಮಾಡಿದ್ದವು, ತಿರುಗಿಸಲು ಬರುತ್ತಿರಲಿಲ್ಲ’ ಎಂಬ ಮಾತು ಇಂದಿಗೂ ಚಾಲ್ತಿಯಲ್ಲಿದೆ. ಬಹುತೇಕ ದೊಡ್ಡ ತೋಪುಗಳು ಉತ್ತರಕ್ಕೂ ತಿರುಗುತ್ತಿದ್ದವು, ಹೊಡೆದೂ ಇದ್ದವು. ಕೊರತೆ ಇದ್ದದ್ದು ಗುಂಡಿನಲ್ಲಿ. ಹಡಗಿನ ಉಕ್ಕನ್ನು ಸೀಳುವ ಗುಂಡುಗಳೇ ಹೆಚ್ಚಾಗಿದ್ದವು. ಅವು ಮೆತ್ತನೆ ನೆಲದಲ್ಲಿ ಆಳಕ್ಕೆ ಹೂತುಹೋಗುತ್ತಿದ್ದವು.

‘ಜಪಾನೀಯರು ಹುಟ್ಟಾ ಕಾಡುಯೋಧರು’ ಎಂಬುದು ಇನ್ನೊಂದು. ಅವರಲ್ಲಿ ಹೆಚ್ಚಿನವರು ಚೀನಾದ ಬಯಲಿನಲ್ಲಿ ಹೋರಾಡಿ ಬಂದವರು. ಮಲಯಾದಲ್ಲಿ ಯುದ್ಧ ನಡೆದದ್ದೂ ಬಹುಪಾಲು ರಸ್ತೆಯ ಆಚೀಚೆ. ಕಾಡನ್ನು ದಾಟಬಹುದು ಎಂದು ಅವರು ನಂಬಿದ್ದರು, ದಾಟಲಾಗದು ಎಂದು ಎದುರಾಳಿಗಳು ನಂಬಿದ್ದರು. ವ್ಯತ್ಯಾಸ ಅಷ್ಟೆ.

ನಮ್ಮ ಕಡೆಯ ನಂಟು

ಮೈಸೂರು ಸಂಸ್ಥಾನದ ಪದಾತಿ ಬೆಟಾಲಿಯನ್ ಒಂದು ಈ ಯುದ್ಧದಲ್ಲಿ ಮಲಯಾ–ಸಿಂಗಾಪುರದಲ್ಲಿತ್ತು. ಅಂದು ಬೀದರ್, ಗುಲ್ಬರ್ಗ, ರಾಯಚೂರು ಜಿಲ್ಲೆಗಳನ್ನೂ ಒಳಗೊಂಡಿದ್ದ ನಿಜಾಮರ ಹೈದರಾಬಾದ್ ಸಂಸ್ಥಾನದ ಬೆಟಾಲಿಯನ್ ಕೋಟಾ ಭಾರು ವಿಮಾನ ನಿಲ್ದಾಣದ ಕಾವಲಿಗಿತ್ತು. ಇದನ್ನು ಬ್ರಿಟಿಷ್ ಭಾರತದ ಸೇನೆಯ ‘ಹೈದರಾಬಾದ್ ರೆಜಿಮೆಂಟ್’ ಜತೆ ಬೆರೆಸಬಾರದು. ಹೆಸರು ಹೈದರಾಬಾದ್ ಆದರೂ ಆ ರೆಜಿಮೆಂಟಿಗೆ ಕುಮಾವ್, ಹರಿಯಾಣದ ಕಡೆಯವರು ಸೇರುತ್ತಿದ್ದರು. 1945ರಲ್ಲಿ ಅದು ಕುಮಾವ್ ರೆಜಿಮೆಂಟ್ ಆಯಿತು.

ಸ್ಲಿಮ್ ನದಿಯಲ್ಲಿ ಟ್ಯಾಂಕುಗಳ ಮೊದಲ ಪೆಟ್ಟು ತಿಂದದ್ದು ಈ ರೆಜಿಮೆಂಟಿನ 4ನೇ ಬೆಟಾಲಿಯನ್. ಮುಂದೆ ಭಾರತದ ಭೂಸೇನೆಯ ಮುಖ್ಯಸ್ಥರಾದ ಕೊಡಗಿನ ಕೆ.ಎಸ್. ತಿಮ್ಮಯ್ಯ ಅದೇ ಬೆಟಾಲಿಯನ್‌ನಲ್ಲಿ ಸಿಂಗಾಪುರದಲ್ಲಿದ್ದು, ಯುದ್ಧಕ್ಕೆ ಮೊದಲೇ ಭಾರತಕ್ಕೆ ಮರಳಿದ್ದರು. ಅವರ ಅಣ್ಣ ಪೊನ್ನಪ್ಪ ಅಲ್ಲಿಯೇ ಸೆರೆಸಿಕ್ಕು ಆಜಾದ್ ಹಿಂದ್ ಫೌಜ್ ಸೇರಿದರು. ತಿಮ್ಮಯ್ಯ ಬರ್ಮಾ ರಂಗದಲ್ಲಿ ಜಪಾನೀಯರ ವಿರುದ್ಧ ಹೋರಾಡಿದರು. ಒಂದೇ ಮನೆಯ ಇಬ್ಬರು ಎರಡು ಕಡೆ ನಿಲ್ಲುವಂತೆ ಮಾಡಿದ ಸೋಲು ಇದು.

ಸೋಲಿನ ನಂತರ

ಫೆಬ್ರವರಿ 17ರಂದು ಸುಮಾರು 45 ಸಾವಿರ ಭಾರತೀಯ ಸೈನಿಕರನ್ನು ಫ್ಯಾರರ್ ಪಾರ್ಕ್ ಮೈದಾನದಲ್ಲಿ ಸೇರಿಸಿ ಜಪಾನೀಯರಿಗೆ ಒಪ್ಪಿಸಲಾಯಿತು. ಜಿತ್ರಾ ಕದನದ ನಂತರ ಸೆರೆಯಾಗಿದ್ದ ಕ್ಯಾಪ್ಟನ್ ಮೋಹನ್ ಸಿಂಗ್ ಅಲ್ಲಿ ಆಜಾದ್ ಹಿಂದ್ ಫೌಜ್ ಸೇರಲು ಕರೆಕೊಟ್ಟರು. ಸುಭಾಷ್‌ಚಂದ್ರ ಬೋಸ್ ಅದರ ನೇತೃತ್ವ ವಹಿಸಿದ್ದು 1943ರಲ್ಲಿ. ಸೇರದೆ ಉಳಿದ ಎಷ್ಟೋ ಭಾರತೀಯರು ಸೆರೆಶಿಬಿರಗಳಲ್ಲಿ ಹಸಿವು, ರೋಗಗಳಿಗೆ ಬಲಿಯಾದರು. ಸಿಂಗಾಪುರದ ಚೀನೀಯರ ಮೇಲೆ ಸಾಮೂಹಿಕ ಹತ್ಯೆ ನಡೆಯಿತು. ಗೋರಿಯೂ ಇಲ್ಲದೆ ಸತ್ತ 24 ಸಾವಿರಕ್ಕೂ ಹೆಚ್ಚು ಸೈನಿಕರ ಹೆಸರುಗಳು ಸಿಂಗಾಪುರದ ಕ್ರಾಂಜಿ ಯುದ್ಧ ಸ್ಮಾರಕದ ಗೋಡೆಗಳ ಮೇಲಿವೆ.

ಮಂಚೂರಿಯದ ಸೆರೆಯಿಂದ ಬಿಡುಗಡೆಯಾದ ಪರ್ಸಿವಲ್ 1945ರ ಸೆಪ್ಟೆಂಬರ್‌ನಲ್ಲಿ ಫಿಲಿಪೀನ್ಸ್‌ನಲ್ಲಿ ಯಮಾಶಿತ ಶರಣಾದಾಗ ಆ ಕೋಣೆಯಲ್ಲಿದ್ದರು. ಯಮಾಶಿತ ಅವರನ್ನು ಯುದ್ಧಾಪರಾಧಕ್ಕಾಗಿ 1946ರ ಫೆಬ್ರವರಿ 23ರಂದು ಗಲ್ಲಿಗೇರಿಸಲಾಯಿತು.

ಹಳೆಯದೊಂದು ಹೋಲಿಕೆ

1526ರ ಏಪ್ರಿಲ್ 21ರ ಮೊದಲ ಪಾಣಿಪತ್ ಕದನದಲ್ಲಿಯೂ ಇಂಥದೇ ನಡೆಯಿತು. ಬಾಬರನ ಬಳಿ ಸುಮಾರು 12 ಸಾವಿರ ಜನ. ಇಬ್ರಾಹಿಂ ಲೋದಿಯ ಸೇನೆ ಒಂದು ಲಕ್ಷ ಎಂಬುದು ಬಾಬರನೇ ಬರೆದುಕೊಂಡ ಅಂದಾಜು. ಗೆದ್ದವನ ಲೆಕ್ಕದಲ್ಲಿ ಉತ್ಪ್ರೇಕ್ಷೆ ಇರಬಹುದು, ಆದರೂ ಲೋದಿಯ ಸೇನೆ ದೊಡ್ಡದೇ. ಬಾಬರ ಗಾಡಿಗಳನ್ನು ಹಗ್ಗದಿಂದ ಕಟ್ಟಿ ಅಡ್ಡಗಟ್ಟಿದ. ಅವುಗಳ ನಡುವಿನಿಂದ ತೋಪು, ಕೋವಿ ಹಾರಿಸಿದ. ಕುದುರೆ ಸವಾರರನ್ನು ಎರಡೂ ಬದಿಯಿಂದ ಸುತ್ತಿಸಿ ಹಿಂದಿನಿಂದ ಹೊಡೆದ. ಇಕ್ಕಟ್ಟಿನಲ್ಲಿ ಸಿಕ್ಕ ದೊಡ್ಡ ಸೇನೆಯಲ್ಲಿ ಹಿಂದಿದ್ದವರಿಗೆ ಕತ್ತಿ ಬೀಸಲೂ ಜಾಗವಿರಲಿಲ್ಲ. ಮಧ್ಯಾಹ್ನದೊಳಗೆ ಎಲ್ಲ ಮುಗಿದಿತ್ತು. ಸಿಂಗಾಪುರದಲ್ಲಿ ಸೇನೆ ತೀರಾ ಹರಡಿ ಸೋತರೆ ಪಾಣಿಪತ್‌ನಲ್ಲಿ ತೀರಾ ಕಿಕ್ಕಿರಿದು ಸೋತಿತು. ಎರಡು ಕಡೆಯೂ ಸೈನಿಕರಲ್ಲಿ ಹೆಚ್ಚಿನವರು ಹೋರಾಟಕ್ಕೆ ಒದಗಲೇ ಇಲ್ಲ.

ಅದೇ ಸೇನೆ, ಎರಡು ವರ್ಷದ ನಂತರ

1944ರಲ್ಲಿ ಜಪಾನೀಯರು ಇಂಫಾಲ್ ಮತ್ತು ಕೊಹಿಮಾದ ಮೇಲೆ ದಾಳಿ ಮಾಡಿದಾಗ ಮಲಯಾದ ಉಪಾಯವನ್ನೇ ಬಳಸಿದರು: ಸುತ್ತು ಬಳಸು, ಹಿಂದಿನ ರಸ್ತೆ ಮುಚ್ಚು. ಆದರೆ ಜನರಲ್ ವಿಲಿಯಂ ಸ್ಲಿಮ್ ಅವರ ಸೇನೆ ಪಾಠ ಕಲಿತಿತ್ತು. ಸುತ್ತುವರಿದರೆ ಓಡಬೇಡಿ, ಇದ್ದಲ್ಲೇ ಗಟ್ಟಿಯಾಗಿ ನಿಲ್ಲಿ, ಅನ್ನ ಗುಂಡು ವಿಮಾನದಿಂದ ಬರುತ್ತದೆ ಎಂಬುದು ಹೊಸ ನಿಯಮ. ಕಾಡಿನಲ್ಲಿ ತಿಂಗಳುಗಟ್ಟಲೆ ತರಬೇತಿ ನಡೆದಿತ್ತು. ಬಾನು ಈಗ ಬ್ರಿಟಿಷರ ಕೈಯಲ್ಲಿತ್ತು. ಸುಮಾರು 85 ಸಾವಿರ ಜನರೊಂದಿಗೆ ಬಂದ ಜಪಾನೀಯರಲ್ಲಿ 50 ಸಾವಿರಕ್ಕೂ ಹೆಚ್ಚು ಮಂದಿ ಸಾವು, ಗಾಯ, ಹಸಿವು, ರೋಗಗಳಿಗೆ ತುತ್ತಾದರು.

1942ರಲ್ಲಿ ಸೋತದ್ದೂ 1944ರಲ್ಲಿ ಗೆದ್ದದ್ದೂ ಅವೇ ಊರುಗಳಿಂದ ಬಂದ ರೈತರ ಮಕ್ಕಳು. ನಡುವೆ ಬದಲಾದದ್ದು ಅವರಿಗೆ ಸಿಕ್ಕ ತರಬೇತಿ, ಮೇಲೆ ಹಾರುವ ವಿಮಾನ, ಹೊತ್ತಿಗೆ ಬರುವ ಆಜ್ಞೆ ಮತ್ತು ಎಲ್ಲಿ ನಿಲ್ಲಬೇಕೆಂಬ ತಿಳಿವಳಿಕೆ. ಸಿಂಗಾಪುರದಲ್ಲಿ ಇವು ಇಲ್ಲದೆ ಹೋದದ್ದಕ್ಕೆ 85 ಸಾವಿರ ಎಂಬ ಸಂಖ್ಯೆಯಿಂದ ಏನೂ ಉಪಯೋಗವಾಗಲಿಲ್ಲ.